ದೊರೆಸಾನಿ ಕಪ್ಪು-ಬಶಿ

ಖರೇ ಹೇಳ್ರಿ, ನಿಮ್ಮ ಮನ್ಯಾಗ ಎಲ್ಲಾಕ್ಕಿಂತ ಚಂದನ ಕಪ್ಪು-ಬಶಿ ಯಾರಿಗಂತ ತಗದಿಟ್ಟೀರಿ? ನಿಮಗಂತೂ ಅಲ್ಲ, ಅದು ನನಗ ಗೊತ್ತದ. ನೀವು ಹಿಡಿಕಿ ಮುರದದ್ದರಾಗ ಕುಡೀತೀರಿ. ಚಂದನವು ಗಾಜಿನ ಕಪಾಟಿನೊಳಗ ಕೂತು ಯಾರೋ ದೊಡ್ಡವರು ಬರೋ ದಾರಿ ಕಾಯ್ತಾವ. ಅವರು ಬರಂಗಿಲ್ಲ. ಬಂದ್ರೂ "ನಮಗ ಚಹಾ ನಡಿಯಂಗಿಲ್ರಿ, ಆಸಿಡಿಟಿ" ಅಂತಾರ.

ನಮ್ಮ ಅಂಬಕ್ಕಜ್ಜಿ, ಅಂದ್ರ ನಮ್ಮಪ್ಪನ ಅವ್ವ, ಧಾರವಾಡದ ಮನ್ಯಾಗ ಎಲ್ಲಾಕ್ಕಿಂತ ಚಂದನ ಕಪ್ಪು ಯಾರಿಗೆ ಇಟ್ಟಿದ್ಲು ಅಂತ ಹೇಳಿದ್ರ ನೀವು ನಂಬಂಗಿಲ್ಲ. ತಡೀರಿ, ಅವಸರ ಮಾಡಬ್ಯಾಡ್ರಿ. ಈ ಫೋನಿನ್ಯಾಗ ಟೈಪ್ ಮಾಡೋದು ನಾ ಈಗಷ್ಟ ಕಲ್ತೀನಿ. ಒಂದ ಬೆರಳಿಂದ ಒತ್ತಬೇಕು. ಒತ್ತಕ್ಷರ ಬಂತಂದ್ರ ನಡುವ ಒಮ್ಮೆ ನಿಂತು ಉಸರು ತಗೋತೀನಿ, ಇಲ್ಲಿ ಪುಣೆದ ಪರ್ವತಿ ಗುಡ್ಡದ ಮೆಟ್ಟಲಾ ಹತ್ತೂ ಮುಂದ ನಿಂತಂಗ. ನಮ್ಮನಿಯವರು ಆಚೆ ಖುರ್ಚಿಯಿಂದ ನೋಡಿ, "ಅದೇನು ಫೋನಿಗೆ ಕಾಲು ಒತ್ತಲಿಕ್ಕೆ ಹತ್ತೀಯೇನು?" ಅಂತಾರ. ಖಡಕಿ ಕಾರ್ಖಾನ್ಯಾಗ ಇಂಜಿನಿಯರ್ ಆಗಿ ರಿಟಾಯರ್ ಆದವರು. ಅವರಿಗೆ ಇನ್ನೂ ಫೋಟೋ ಕಳಸಲಿಕ್ಕೆ ಬರಂಗಿಲ್ಲ. ಅದನ್ನ ನಾ ದಿನಾ ಒಮ್ಮೆ ನೆನಪು ಮಾಡಿ ಕೊಡ್ತೀನಿ.

ಈಗ ನನ್ನ ಮುಂದ ಟೇಬಲ್ ಮ್ಯಾಲೆ ಒಂದು ಕಪ್ಪು-ಬಶಿ ಅದ. ಬಿಳೀದು, ಮೈಮ್ಯಾಲೆ ನೀಲಿ ಹೂವು, ಅಂಚಿಗೆ ಬಂಗಾರದ ಗೆರಿ. ಗೆರಿ ಅರ್ಧ ಅಳಿಸಿ ಹೋಗ್ಯದ. ನಮ್ಮ ಮೊಮ್ಮಗಳು ಮುಕ್ತಾ ಜುನಾ ಬಾಜಾರದಾಗ, ಹಳೇ ಸಾಮಾನಿನ ಸಂತ್ಯಾಗ, ಚೌಕಾಶಿ ಮಾಡಿ ತಂದದ್ದು, ನಾಟಕದ ಸಲುವಾಗಿ. ನಾಟಕ ಮುಗೀತು, ಕಪ್ಪು ನನ್ನ ಪಾಲಿಗೆ ಬಂತು. ಅದರಾಗ ನಾ ಚಷ್ಮಾ ಇಡ್ತೀನಿ. ಚಹಾ ಕುಡೀಬಹುದಿತ್ತು, ಆದ್ರ ಕೈ ಬರವಲ್ದು. ಯಾಕ ಅಂತ ಕೇಳ್ರಿ.

ಮುಕ್ತಾ ಪುಣೆದಾಗ ಹುಟ್ಟಿ ಪುಣೆದಾಗ ಬೆಳದಾಕಿ. ಆಕೀ ಕನ್ನಡ ಅಂದ್ರ ಮರಾಠಿಗೆ ಇಳಕಲ್ ಸೀರಿ ಉಡಿಸಿದಂಗ. ಸೆರಗೊಂದು ನಮ್ಮದು, ಒಳಗಿಂದೆಲ್ಲಾ ಅವರದು. ಈಕಿಗೆ ನಾಟಕದ ಹುಚ್ಚು. ನಾಟಕ ಮಾಡ್ತೀನಿ ಅಂದ್ರ ಈ ಊರಾಗ ಯಾರೂ ಹುಬ್ಬು ಏರಸಂಗಿಲ್ಲ, "ಯಾವ ಹಾಲ್?" ಅಂತ ಕೇಳ್ತಾರ ಅಷ್ಟ. ಈ ಸಲ ಮಾತ್ರ ನಾವೂ ಹುಬ್ಬು ಏರಸಿದ್ವಿ. ಇಂಗ್ಲಂಡಿನ ಒಂದು ಸಣ್ಣ ತಂಡ, ಪುಣೆದ ಈಕೀ ತಂಡ, ಎರಡೂ ಕೂಡಿ ಒಂದ ನಾಟಕ. ಬ್ರಿಟಿಷರ ಕಾಲದ ಧಾರವಾಡದಾಗ ಒಂದು ಮಧ್ಯಾಹ್ನ. ಅದನ್ನ ಮೊದಲು ಅವರು ಆಡಿ ತೋರಸಬೇಕು, ತಮಗ ಹೆಂಗ ಕಂಡಿತ್ತು ಅಂತ. ಆಮ್ಯಾಲೆ ಅದ ಮಧ್ಯಾಹ್ನಾನ್ನ ನಮ್ಮವರು ಆಡಿ ತೋರಸಬೇಕು, ನಮಗ ಹೆಂಗ ಕಂಡಿತ್ತು ಅಂತ.

"ಇದರಾಗ ಹೊಸಾದೇನದ?" ಅಂದೆ. "ನಾವು ಗಂಡಾ ಹೆಂಡ್ತಿ ಐವತ್ತು ವರ್ಷದಿಂದ ಇದನ್ನ ಮಾಡ್ಲಿಕ್ಕೆ ಹತ್ತೀವಲ್ಲ."

"ಅಜ್ಜಿ, ಪ್ಲೀಜ್, ಜೋಕ್ ನಂತರ. ನೀ ಬಂದು ನಮ್ಮ ಹುಡುಗ್ಯಾರಿಗೆ ಧಾರವಾಡದ ಥರಾ ಸೀರಿ ಉಡಿಸೂದು ಶಿಕವ. ಹೆಲೆನ್‌ಗ ನಾಕು ಕನ್ನಡ ವಾಕ್ಯ ಬಾಯಿಪಾಠ ಮಾಡಸು."

ಹೆಲೆನ್ ಅಂದ್ರ ಇಂಗ್ಲಂಡಿನಿಂದ ಬಂದ ನಟಿ. ನಲವತ್ತರ ಹತ್ರ ವಯಸ್ಸು, ಬೆಳ್ಳಂಬೆಳ್ಳಗಿನ ಎತ್ತರನ ಹೆಣ್ಣುಮಗಳು. ಮೂಗಿನ ಮ್ಯಾಲೆ ಬಿಸಿಲು ತಾಗಿ ಸಿಪ್ಪಿ ಎದ್ದಿತ್ತು. ಆಕೀ ಮುತ್ತಜ್ಜಿ ಧಾರವಾಡದಾಗ ಇದ್ದಾಕಿ. ಮುತ್ತಜ್ಜ ಅಲ್ಲಿ ಪೊಲೀಸ್ ಸಾಹೇಬ. ಅದಕ್ಕ ನಾಟಕ ಧಾರವಾಡಕ್ಕ ಹೋಗಿತ್ತು.

ಶಿವಾಜಿನಗರದಾಗ ಹುಡುಗ್ರು ಕಲಿಯೋ ಒಂದು ಹಳೇ ಸಾಳಿ ಹಾಲಿನ್ಯಾಗ ತಾಲೀಮು. ಮೊದಲ ದಿನಾನ ನಾ ಒಂದು ಗಮನಿಸಿದೆ. ಹೆಲೆನ್‌ಳ ಚೀಲಕ್ಕ ಆಕೀದ ಸ್ವಂತ ಸ್ಟೀಲ್ ಕಪ್ಪು ನೇತಾಡ್ತಿತ್ತು, ಬಾಜೂಕ ಸ್ವಂತ ನೀರಿನ ಬಾಟ್ಲಿ. ಚಹಾದವ ಬಂದ್ರ ಎಲ್ಲಾರೂ ಅವನ ಗ್ಲಾಸಿನ್ಯಾಗ ಕುಡೀತಿದ್ರು, ಈಕಿ ತನ್ನ ಕಪ್ಪು ಮುಂದ ಹಿಡೀತಿದ್ಲು. ಅವ ಮ್ಯಾಲಿಂದ, ತಾಗಿಸದ, ಸುರೀತಿದ್ದ.

"ಈಕೀದು ಭಾಳ ಮಡಿ ಕಾಣಸ್ತದ," ಅಂತ ಮುಕ್ತಾನ ಕಿವಿಯಾಗ ಅಂದೆ.

"ಛೇ, ಅದು ಪರ್ಯಾವರಣ ಅಜ್ಜಿ. ಪೇಪರ್ ಕಪ್ ಬ್ಯಾಡ ಅಂತ," ಅಂದ್ಲು.

ಇರಲಿ ಅಂದೆ. ಪರಿಸರ ಅಂದ್ರ ಪರಿಸರ. ಗಾಜಿನ ಗ್ಲಾಸು ಯಾವಾಗ ಪೇಪರ್ ಆತು ಅಂತ ಕೇಳಲಿಲ್ಲ.

ಹೆಲೆನ್ ಜೋಡಿ ನನ್ನ ಗೆಳೆತನ ಲಗೂನ ಆತು. ನನ್ನ ಇಂಗ್ಲಿಷ್ ಖಡಕ್ ರೊಟ್ಟಿ ಹಂಗ, ಒಣಾ, ಗಟ್ಟಿ, ಮುರದ್ರ ಸಪ್ಪಳ ಬರ್ತದ. ಆದ್ರ ಹೊಟ್ಟಿ ತುಂಬಸ್ತದ. ಆಕಿ "ಭಾಳ ಚಂದ ಅದ" ಅನ್ನೂದನ್ನ ನನ್ನ ಬಾಯಿ ನೋಡಿಕೋತ ಕಲ್ತಳು. "ಏನ್ರಿ" ಕಲ್ತಳು. "ರೀ" ಹಚ್ಚೂದು ಎಷ್ಟು ಸೇರ್ತು ಅಂದ್ರ ಆಕಿಗೆ, ತಾಲೀಮಿನ ಬೆಕ್ಕಿಗೂ "ಬರ್ರಿ" ಅಂತಿದ್ಲು. ಚಹಾದ ಹೊತ್ತಿನ್ಯಾಗ ಒಮ್ಮೆ ಆಕೀನ ಹೇಳಿದ್ಲು. ಮುತ್ತಜ್ಜ ಮಂದೀನ್ನ ಲಾಠೀಲೆ ಹೊಡಿಸ್ಯಾನ, ಜೇಲಿಗೆ ಹಾಕ್ಯಾನ, ಇದನ್ನೆಲ್ಲಾ ಆಕೀ ಮನ್ಯಾಗ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲಂತ. ದೊಡ್ಡಾಕಿ ಆದ ಮ್ಯಾಲೆ ತಾನ ಓದಿ ತಿಳಕೊಂಡಳಂತ.

"ಹಿಂದುಸ್ತಾನದ ಮಾತು ಬಂದ್ರ ನಾ ತಲೀ ತಗ್ಗಿಸ್ತೀನಿ," ಅಂದ್ಲು. "ತಲೀ ಎತ್ತಿ ಹೇಳೋ ಕತಿ ನನ್ನ ಹತ್ರ ಒಂದ ಅದ. ನಮ್ಮ ಮುತ್ತಜ್ಜೀ ಕಪ್ಪಿನ ಕತಿ. ನಾಟಕದ ಕೊನೀಗೆ ಅದನ್ನ ಹಾಕೀವಿ. ನೀವು ನೋಡಬೇಕು."

ಮರುದಿನ ನೋಡಿದೆ. ಹೆಲೆನ್ ದೊರೆಸಾನಿ ಆಗಿ, ತಲೀಗೆ ಟೋಪಿ ಇಟ್ಕೊಂಡು, ರಂಗದ ನಡುವ ಖುರ್ಚಿ ಮ್ಯಾಲೆ ಕೂತಿದ್ಲು. ಕಸೂತಿ ನೋಡಲಿಕ್ಕೆ ಅಂತ ಪ್ರತಿ ಮಂಗಳವಾರ ಒಬ್ಬ ಬ್ರಾಹ್ಮಣರ ಮನೀಗೆ ಹೋಗೋ ದೊರೆಸಾನಿ. ಕೈಯಾಗ ಇದ ಈ ನೀಲಿ ಹೂವಿನ ಕಪ್ಪು. ಜನರ ಕಡೆ ಮುಖಾ ಮಾಡಿ ಇಂಗ್ಲಿಷಿನ್ಯಾಗ ಹೇಳಿದ್ಲು:

"ಆ ಮನ್ಯಾಗ ಎಲ್ಲಾರೂ ಹಿತ್ತಾಳಿ ವಾಟಗದಾಗ ಕುಡೀತಿದ್ರು. ನನಗಂತನ ಒಂದು ಪಿಂಗಾಣಿ ಕಪ್ಪು ತರಿಸಿ ಇಟ್ಟಿದ್ರು. ಅದನ್ನ ಬ್ಯಾರೆ ಯಾರೂ ಮುಟ್ಟತಿರಲಿಲ್ಲ. ಮನೀ ಪಾತ್ರೇದೊಳಗ ಅದನ್ನ ಕೂಡಸ್ತಿರಲಿಲ್ಲ, ಹೊರಗ ಕಟ್ಟೀ ಮ್ಯಾಲೆ ಅದಕ್ಕಂತ ಒಂದು ಗೂಡು ಇತ್ತು, ಗುಡಿ ಹಂಗ. ಆ ಮನೀ ಹೆಣ್ಣುಮಗಳು ನನಗ ಏನೂ ಕೈಯಾಗ ಕೊಡ್ತಿರಲಿಲ್ಲ. ಮುಂದ ನೆಲದ ಮ್ಯಾಲೆ ಇಟ್ಟು, ಹಿಂದಕ್ಕ ಸರದು ನಿಲ್ಲತಿದ್ಲು. ದೇವರಿಗೆ ಕಾಣಿಕಿ ಇಟ್ಟಂಗ."

ನಾ ಪಕ್ಕನ ನಕ್ಕುಬಿಟ್ಟೆ.

ಸಣ್ಣ ನಗಿ ಅಲ್ಲ. ಸಾಳಿ ಹಾಲು, ಮ್ಯಾಲೆ ತಗಡು, ನನ್ನ ನಗಿ ಮ್ಯಾಲೆ ಹೋಗಿ ಅಲ್ಲಿದ್ದ ಪಾರಿವಾಳ ಎಬ್ಬಿಸಿ ಬಂತು. ಎಲ್ಲಾರೂ ತಿರುಗಿ ನೋಡಿದ್ರು. "ಸಾರಿ, ಸಾರಿ, ಕೆಮ್ಮು," ಅಂತ ಸೆರಗು ಬಾಯಿಗೆ ತುರಕೊಂಡೆ. ಕೆಮ್ಮೂ ನಗೂ ಬ್ಯಾರೆ ಅಂತ ಇಂಗ್ಲಿಷರಿಗೂ ತಿಳೀತದ. ಹೆಲೆನ್‌ಳ ಮುಖಾ ಒಂದಿಷ್ಟು ಸಣ್ಣದಾತು.

ನಾ ಯಾಕ ನಕ್ಕೆ ಅಂತ ನಿಮ್ಮೊಳಗಿನ ಹಳೇ ಮಂದಿಗೆ ಈಗಾಗಲೇ ಗೊತ್ತಾಗಿರಬೇಕು. ಹೊಸಬರಿಗೆ ಹೇಳ್ತೀನಿ.

ನಮ್ಮ ಧಾರವಾಡದ ಮನೀ ಕಟ್ಟೀ ಮ್ಯಾಲೂ ಒಂದು ಗೂಡಿತ್ತು. ಅದರಾಗೂ ಒಂದು ಪಿಂಗಾಣಿ ಕಪ್ಪು-ಬಶಿ ಇತ್ತು. ಹೆಲೆನ್‌ಳ ಮುತ್ತಜ್ಜಿ ಹೋಗತಿದ್ದ ಮನಿ ನಮ್ಮದ ಅಂತ ನಾ ಹೇಳಂಗಿಲ್ಲ, ಅಂಥಾ ಮನಿ ಓಣಿಗೆ ನಾಕಿದ್ವು. ನಮ್ಮಜ್ಜ ಕಚೇರ್ಯಾಗ ಕಾರಕೂನ. ಅವರ ಸಾಹೇಬನ ಹೆಂಡ್ತಿಗೆ ಅಂಬಕ್ಕಜ್ಜೀ ಕಸೂತಿ ಸೇರಿತ್ತು. ಸಾಹೇಬನ ಹೆಂಡ್ತಿ ಬರ್ತೀನಿ ಅಂದ್ರ ಕಾರಕೂನನ ಹೆಂಡ್ತಿ ಬ್ಯಾಡ ಅನ್ನೋ ಹಂಗಿಲ್ಲ. ಆದ್ರ ನಮ್ಮದು ಮಡೀ ಮನಿ. ದೊರೆಸಾನಿ ಮುಟ್ಟಿದ್ದು ಮೈಲಿಗಿ. ಆಕಿ ತುಟಿ ಹಚ್ಚಿದ ಹಿತ್ತಾಳಿ ವಾಟಗಾ ಮತ್ತ ಒಳಗ ತರೂದು ಹೆಂಗ? ಅದಕ್ಕ ಆಕೀಗಂತ ಒಂದು ಪಿಂಗಾಣಿ ಕಪ್ಪು. ಪಿಂಗಾಣಿ ಅನ್ನೂದ ಮೂಲದಾಗ ಮೈಲಿಗಿ, ಒಳಗ ಬರೋ ಪ್ರಶ್ನೀನ ಇಲ್ಲ. ಹೊರಗಿನ ಗೂಡಿನೊಳಗ ಅದರ ಜಾಗಾ. ಅದ ಗೂಡಿನ್ಯಾಗ ಬಾಜೂಕ ಇನ್ನೊಂದು ಅಲ್ಯೂಮಿನಿಯಂ ಡಬರಿ ಇರ್ತಿತ್ತು, ಹಿತ್ತಲಾ ಬಳೀಲಿಕ್ಕೆ ಬರೋ ಹೆಣ್ಣುಮಗಳದು. ಊರು ಆಳೋ ಸಾಹೇಬನ ಹೆಂಡ್ತಿ, ಹಿತ್ತಲಾ ಬಳಿಯೋ ಹೆಂಗಸು, ಇಬ್ಬರಿಗೂ ನಮ್ಮ ಅಂಬಕ್ಕಜ್ಜಿ ಒಂದ ಗೂಡಿನ್ಯಾಗ ಜಾಗಾ ಕೊಟ್ಟಿದ್ಲು. ಅದರಾಗ ಒಬ್ಬಾಕಿಗೆ ಅದರ ಅರ್ಥಾ ಗೊತ್ತಿತ್ತು, ಇನ್ನೊಬ್ಬಾಕಿಗೆ ಗೊತ್ತಿರಲಿಲ್ಲ. ಗೊತ್ತಿದ್ದಾಕಿಗೆ ಅದು ನಗೋ ಮಾತಾಗಿರಲಿಲ್ಲ ಅಂತ ನನಗ ಭಾಳ ತಡಾಗಿ ಹೊಳೀತು. ಈಗ ಆ ಗೂಡು ಎಲ್ಲಿ ಉಳದದ ಅಂತ ನೀವು ಅನ್ನಬಹುದು. ನಮ್ಮ ಅಪಾರ್ಟಮೆಂಟ್ ಸೊಸೈಟಿಯೊಳಗ ಎರಡು ಲಿಫ್ಟ್ ಅವ, ಒಂದರ ಮ್ಯಾಲೆ "ಸರ್ವಿಸ್" ಅಂತ ಬರದದ. ನಾ ಮುಂದ ಏನೂ ಹೇಳಂಗಿಲ್ಲ, ನಿಮ್ಮಲ್ಲೂ ಇದ್ದೀತು.

ನಾ ಹುಟ್ಟೂದರಾಗ ದೊರೆಸಾನಿ ಹಡಗಾ ಹತ್ತಿ ಹೋಗಿಬಿಟ್ಟಿದ್ಲು. ಕಪ್ಪು ಗೂಡಿನ್ಯಾಗ ಹಂಗ ಇತ್ತು. ಮನ್ಯಾಗಿದ್ದ ಎಲ್ಲಾ ವಾಟಗಾ ಒಂದ ನಮೂನಿ, ಹಳದಿ, ಹೊಟ್ಟಿಗೆ ನೆಗ್ಗು ಬಿದ್ದವು. ಹೊರಗ ನೋಡಿದ್ರ ಈ ರಾಜಕುಮಾರಿ, ನೀಲಿ ಹೂವು, ಬಂಗಾರದ ಅಂಚು. ಸಣ್ಣ ಹುಡುಗಿ, ನನಗ ಹೆಂಗ ತಡಕೋಳ್ಳಿಕ್ಕೆ ಆಗಬೇಕು? ಒಂದಿನಾ ಎಲ್ಲಾರೂ ಮಧ್ಯಾಹ್ನ ಮಲಗಿದಾಗ ಖುರ್ಚಿ ಎಳಕೊಂಡು ಹತ್ತಿ, ಕಪ್ಪು ಇಳಿಸಿ, ಒಳಗ ಹೋಗಿ ಹಾಲು ಹಾಕ್ಕೊಂಡು, ಪಡಸಾಲ್ಯಾಗ ಕಾಲ ಮ್ಯಾಲೆ ಕಾಲು ಹಾಕಿ ಕೂತು ಕುಡದೆ. ದೊರೆಸಾನಿ ಹಂಗ ಕಿರಿ ಬೆರಳು ಬ್ಯಾರೆ ಎತ್ತಿದ್ದೆ. ಎಚ್ಚರಾಗಿ ಬಂದು ನಿಂತ ಅಂಬಕ್ಕಜ್ಜಿ ನೋಡಿದ್ದು ಆ ಕಿರಿ ಬೆರಳು. ಆಮ್ಯಾಲೆ ಏನಾತು ಅಂತೀರಿ? ನಾ ಹಿತ್ತಲ ಬಾವಿ ಕಟ್ಟೀ ಮ್ಯಾಲೆ, ಮಾರ್ಗಶಿರದ ಥಂಡ್ಯಾಗ, ತಣ್ಣೀರು ತಲೀ ಮ್ಯಾಲೆ. ಹಾಲಿನ ಪಾತ್ರಿ ಹೊರಗ. ಪಡಸಾಲಿ ತೊಳದ್ರು. ನಾ ಹಲ್ಲು ಕಟಕಟ ಮಾಡಿಕೋತ, "ಅಂಬಕ್ಕಜ್ಜಿ, ಹಾಲು ಅದ ಹಾಲು, ಆದ್ರ ಕಪ್ಪಿನ್ಯಾಗ ಭಾಳ ರುಚಿ ಇತ್ತು," ಅಂದೆ. ಇನ್ನೊಂದು ಕೊಡಾ ಬಿತ್ತು.

ಅದಕ್ಕ ನಕ್ಕದ್ದು. ಅದಕ್ಕ ಈ ಹೊತ್ತಿಗೂ ಈ ಕಪ್ಪಿನ್ಯಾಗ ಚಹಾ ಕುಡೀಲಿಕ್ಕೆ ಕೈ ಬರವಲ್ದು. ಬೆನ್ನಿಗೆ ಥಂಡಿ ಆಗ್ತದ.

ಅವತ್ತು ಮನೀಗೆ ಬರೋ ರಿಕ್ಷಾದಾಗ ಮುಕ್ತಾ ಬಿಡಲಿಲ್ಲ. "ಅಜ್ಜಿ, ಯಾಕ ನಕ್ಕಿ? ಹೇಳು."

"ಏನಿಲ್ಲ ತಗೋ. ಹಳೇ ನೆನಪು."

"ನೋಡು, ನನ್ನ ನಾಟಕದ ಎರಡನೇ ಭಾಗ ಸತ್ತದ," ಅಂದ್ಲು. ಹುಡುಗೀ ಧ್ವನಿ ಬ್ಯಾರೆ ಆಗಿತ್ತು. "ಮೊದಲನೇ ಭಾಗದಾಗ ದೊರೆಸಾನಿ, ಇವರು ನನಗ ಪ್ರೀತಿ ಮಾಡ್ತಾರ ಅಂತಾಳ. ಎರಡನೇ ಭಾಗದಾಗ ನಮ್ಮ ಹೆಣ್ಣುಮಗಳು, ಹೌದು ನಾ ಪ್ರೀತಿ ಮಾಡ್ತೀನಿ ಅಂತಾಳ. ಎರಡೂ ಕಡೆಯವರು ಒಂದ ಮಾತು ಹೇಳಿದ್ರ ಎರಡು ಸಲ ಯಾಕ ಆಡಬೇಕು? ಜನಾ ಎದ್ದು ಹೋಗ್ತಾರ. ಮುಂದಿನ ವಾರ ಪ್ರಯೋಗ ಅದ. ನಿನಗ ಏನೋ ಗೊತ್ತದ."

ಹೇಳಿದೆ. ರಿಕ್ಷಾದವಗ ಕನ್ನಡಾ ತಿಳೀವಲ್ದು ಅಂತ ಧೈರ್ಯ ಮಾಡಿ, ಬಾವೀ ತಣ್ಣೀರಿನ ತನಕ ಎಲ್ಲಾ ಹೇಳಿದೆ. ಮುಕ್ತಾ ಮೊದಲ ನಕ್ಕಳು, ಆಮ್ಯಾಲೆ ಎರಡೂ ಕೈ ತಲೀ ಮ್ಯಾಲೆ ಇಟ್ಕೊಂಡಳು.

"ಬಾಪ ರೇ. ಇದ ನನ್ನ ಎರಡನೇ ಭಾಗ."

"ಹೆಲೆನ್?" ಅಂದೆ.

ಆಕೀ ಹತ್ರ ತಲೀ ಎತ್ತಿ ಹೇಳೋ ಕತಿ ಇದ್ದದ್ದ ಒಂದು. ಅದನ್ನೂ ನಾವು ಕಸಗೊಳ್ಳೂದ? ಆದ್ರ ಹೇಳದಿದ್ರ ಈ ಹುಡುಗೀ ನಾಟಕ ಸುಳ್ಳಾಗ್ತದ. ನೀವಿದ್ರ ಏನ ಮಾಡ್ತಿದ್ರಿ? ನಾ ಅಂತೂ ಮುಕ್ತಾಗ, "ನೀ ಡೈರೆಕ್ಟರ್, ನೀನ ಹೇಳು," ಅಂದೆ. ಮುಕ್ತಾ, "ನಕ್ಕಾಕಿ ನೀ, ನೀನ ಹೇಳು," ಅಂದ್ಲು.

ಬಾಯಿಂದ ಹೇಳೂದು ನನ್ನಿಂದ ಆಗಲಿಲ್ಲ. ಮರುದಿನ ತಾಲೀಮಿನ್ಯಾಗ ಮುಕ್ತಾ, "ಈ ಸೀನ್ ಅಜ್ಜಿ ಒಮ್ಮೆ ಮಾಡಿ ತೋರಸ್ತಾಳ, ಆಕೀ ಅಜ್ಜಿ ಹೆಂಗ ಮಾಡ್ತಿದ್ಲೋ ಹಂಗ," ಅಂತ ಅಂದುಬಿಟ್ಲು. ನಾ ಹತ್ತಿದೆ. ಮೊಣಕಾಲು ಕಟ್ ಅಂತು. ಹೆಲೆನ್ ಖುರ್ಚಿ ಮ್ಯಾಲೆ ದೊರೆಸಾನಿ ಆಗಿ ಕೂತಳು, ಅಗದೀ ಖುಷೀಲೆ.

ನಾ ಕಪ್ಪು ನೆಲದ ಮ್ಯಾಲೆ ಇಟ್ಟೆ. ಮ್ಯಾಲಿಂದ, ತಂಬಿಗಿ ತಾಗಧಂಗ, ಚಹಾ ಸುರದೆ. ಹಿಂದಕ್ಕ ಸರದು ಕೂತು ಕಸೂತಿ ಹಾಕಿದ ಅರಬಿ ತೋರಸಿದೆ, ಆಕೀ ಕೈಯಾಗ ಕೊಡಲಿಲ್ಲ, ಮುಂದ ಒಗದೆ. ಆಕಿ "ಭಾಳ ಚಂದ ಅದ ರೀ" ಅಂದ್ಲು. ನಾನೂ ನಕ್ಕೆ. ಆಕಿ ಎದ್ದು ಹೋದ್ಲು, ಬಾಗಲದಾಗ ನಿಂತು ಕೈ ಬೀಸಿದ್ಲು. ನಾನೂ ಬೀಸಿದೆ. ಆಕಿ ಕಣ್ಣಿಗೆ ಮರಿ ಆದ ಮ್ಯಾಲೆ ಖುರ್ಚಿಗೆ ನೀರು ಗೊಜ್ಜಿ ತೊಳದೆ. ಕಪ್ಪನ್ನ ಸೆರಗು ತಾಗಧಂಗ ಎರಡು ಬೆರಳಿಲೆ ಎತ್ತಿ ಗೂಡಿನ್ಯಾಗ ಇಟ್ಟೆ. ಹಿತ್ತಲಕ್ಕ ಹೋಗಿ ಕೂತು, ಒಂದು ತಂಬಿಗಿ, ಇನ್ನೊಂದು ತಂಬಿಗಿ, ಖಾಲೀ ಗಾಳೀನ್ನ ತಲೀ ಮ್ಯಾಲೆ ಸುರಕೊಂಡೆ.

ಪುಣೆದ ಹುಡುಗ್ಯಾರು ಮೊದಲ ಕಿಸಿಕಿಸಿ ನಕ್ಕರು. ಆಮ್ಯಾಲೆ ಯಾರಿಗೂ ನಗಿ ಬರಲಿಲ್ಲ. ಹೆಲೆನ್ ಪರದೇ ಬಾಜೂಕ ನಿಂತು ಎಲ್ಲಾ ನೋಡಿದ್ಲು. ಟೋಪಿ ತಗದು ಖುರ್ಚೀ ಮ್ಯಾಲೆ ಇಡಲಿಕ್ಕೆ ಹೋದ್ಲು, ಖುರ್ಚಿ ಒದ್ದಿ ಆಗಿತ್ತು ನೋಡ್ರಿ, ಟೋಪಿ ಕೈಯಾಗ ಹಿಡಕೊಂಡ ಹೊರಗ ಹೋದ್ಲು.

ಸಾಳೀ ಮೆಟ್ಟಲಾ ಮ್ಯಾಲೆ ಕೂತಿದ್ಲು. ನಾನೂ ಹೋಗಿ ಬಾಜೂಕ ಕೂತೆ. ಕೂಡೂದು ಸರಳ, ಏಳೂದು ಆಮ್ಯಾಲಿನ ಮಾತು.

"ನೀವು ನಕ್ಕದ್ದು ಇದಕ್ಕ," ಅಂದ್ಲು.

"ಹೌದು."

"ನಮ್ಮ ಮುತ್ತಜ್ಜಿ ಸಾಯೋ ತನಕಾ ಈ ಕತಿ ಹೇಳಿದ್ಲು. ಪ್ರತಿ ಕ್ರಿಸ್ಮಸ್ಸಿಗೆ. ನಾವೆಲ್ಲಾ ಕಪ್ಪು ಎತ್ತಿ ಕುಡೀತಿದ್ವಿ." ನನ್ನ ಕಡೆ ತಿರುಗಿ ಕೇಳಿದ್ಲು, "ಅವರು ಆಕೀನ್ನ ಅಷ್ಟು ಹೇಸತಿದ್ರೇನು?"

ಇದಕ್ಕ ನನ್ನ ಖಡಕ್ ರೊಟ್ಟಿ ಇಂಗ್ಲಿಷ್ ಸಾಲಲಿಲ್ಲ. ಆದ್ರೂ ಹೇಳಿದೆ. ಹೇಳಿದ್ದು ಇಷ್ಟ. ನಮ್ಮ ಅಂಬಕ್ಕಜ್ಜಿ ಮಂಗಳವಾರ ಬಂತಂದ್ರ ಮಧ್ಯಾಹ್ನ ಮಲಗ್ತಿರಲಿಲ್ಲಂತ, ಕಿಟಕೀ ಹತ್ರ ಕೂತಿರ್ತಿದ್ಲಂತ. ಆಕಿ ಹಾಕಿದ ಹೊಲಿಗಿ ನೋಡಿ "ಭಾಳ ಚಂದ ಅದ" ಅಂತ ಅಂದಾಕಿ ಜನ್ಮದಾಗ ಆ ದೊರೆಸಾನಿ ಒಬ್ಬಾಕೀನ. ಮನೀ ಮಂದಿ ಯಾರೂ ಅಂದಿದ್ದಿಲ್ಲ. ದೊರೆಸಾನಿ ಹೋಗಿ ಎಷ್ಟೋ ವರ್ಷಾದ ಮ್ಯಾಲೆ, ಸ್ವಾತಂತ್ರ್ಯ ಬಂದು, ನಾ ಹುಟ್ಟಿ, ಆ ಕಪ್ಪು ಕದ್ದು, ಸ್ನಾನ ಮಾಡಿಸಿಕೊಂಡ ಮ್ಯಾಲೆ ನಮ್ಮವ್ವ ಅಂದ್ಲು, "ಅತ್ತಿ, ಆ ಕಪ್ಪು ಒಗದ ಬಿಡೂಣು. ಹುಡುಗ್ರು ಮುಟ್ಟತಾವ." ಅಂಬಕ್ಕಜ್ಜಿ ಕಪ್ಪು ತೊಳಿಸಿ ಮತ್ತ ಗೂಡಿನ್ಯಾಗ ಇಡಿಸಿದ್ಲು. ಬಾಯಿ ಬಿಟ್ಟು ಅಂದದ್ದು ಒಂದ ಮಾತು: "ಆಕಿ ಬಂದ್ರ?"

ಹೆಲೆನ್ ಟೋಪಿ ತಿರುವ್ಯಾಡಿದ್ಲು.

"ಒಳಗ ತರಲಿಲ್ಲ," ಅಂದ್ಲು.

"ಇಲ್ಲ. ಒಳಗ ತರಲಿಲ್ಲ," ಅಂದೆ. "ಒಗೀಲೂ ಇಲ್ಲ."

ನಾಳೆ ಬರ್ತೀಯೇನು ಅಂತ ಕೇಳಿದ್ದಕ್ಕ, ಗೊತ್ತಿಲ್ಲ, ಊರಿಗೆ ಫೋನ್ ಮಾಡಿ ನಮ್ಮ ಅಜ್ಜೀ ಜೋಡಿ ಮಾತಾಡಬೇಕು ಅಂದ್ಲು. ಎದ್ದು ನಿಂತು, ನನಗ ಕೈ ಕೊಟ್ಟು ಎಬ್ಬಿಸಿ ಹೋದ್ಲು. ಕೈ ಬಿಸಿ ಇತ್ತು. ನಾ ಮನೀಗೆ ಬಂದು ಸ್ನಾನ ಮಾಡಲಿಲ್ಲ, ಚಿಂತೀ ಮಾಡಿಕೋತ ಕೂತೆ. ಮುಕ್ತಾ ಅನ್ನ ಕಲಸಿದ್ಲು, ಉಣ್ಣಲಿಲ್ಲ. "ಆಕಿ ಬಿಟ್ಟು ಹೋದ್ರ ನಾಟಕ ಮುಗೀತು ಅಜ್ಜಿ. ನಿಂತ್ರೂ, ಆಕಿ ಮನಸ್ಸು ಮುರಕೊಂಡು ನಿಂತ್ರ ನನಗ ಬ್ಯಾಡ." ನಕ್ಕಾಕಿ ನಾನ. ನಮ್ಮನಿಯವರು, "ನಿನಗ ಮೊದಲಿಂದಾನೂ ಹೇಳೀನಿ, ಸಭಾದಾಗ ನಗಬ್ಯಾಡ ಅಂತ," ಅಂತ ಮಜ್ಜಿಗಿ ಕುಡದು ಎದ್ದರು. ನಮ್ಮ ಲಗ್ನದಾಗ ಅವರ ಮುಂಡಾಸು ಜಾರಿದಾಗ ನಾ ನಕ್ಕದ್ದನ್ನ ಇನ್ನೂ ಮರತಿಲ್ಲ ಅವರು.

ಮರುದಿನ ಹೆಲೆನ್ ತಡಾ ಮಾಡಿ ಬಂದ್ಲು. ಬಂದಾಕೀನ ಮುಕ್ತಾನ್ನ ಮೂಲೀಗೆ ಕರದು ಏನೋ ಪಿಸಿಪಿಸಿ ಹೇಳಿದ್ಲು. ಮುಕ್ತಾನ ಕಣ್ಣು ಇಷ್ಟಗಲಾದ್ವು. ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಏನು ಅಂತ ಕೇಳಿದ್ರ ನಮ್ಮ ಹುಡುಗಿ, "ಟಿಕೀಟ್ ತಗೊಂಡು ನೋಡು," ಅಂತು. ಆವತ್ತಿನಿಂದ ತಾಲೀಮಿನ ಬಾಗಲಾ ನನಗ ಬಂದ್. ನಾ ಹಚ್ಚಿಕೊಟ್ಟ ಬೆಂಕ್ಯಾಗ ನನಗ ಚಹಾ ಇಲ್ಲ!

ಪ್ರಯೋಗದ ದಿನಾ ಸಂಜೀ ಮುಂದಿನ ಸಾಲಿನ್ಯಾಗ ಕೂತೆ. ಆಕಾಶ ಬಣ್ಣದ ಇಳಕಲ್ ಉಟ್ಟು, ಪರ್ಸಿನ್ಯಾಗ ಶೇಂಗಾ ಚಿಕ್ಕಿ ಇಟ್ಕೊಂಡು. ಮೊದಲನೇ ಭಾಗ, ದೊರೆಸಾನೀದು. ಗೂಡು, ಗುಡಿ, ಕಾಣಿಕಿ, ಎಲ್ಲಾ ಹಂಗ ಹೇಳಿದ್ಲು, ತಲೀ ಎತ್ತಿ. ಆದ್ರ ಅಲ್ಲಿಗೆ ಮುಗೀಲಿಲ್ಲ. ದೊರೆಸಾನಿ ಟಾಂಗಾ ಹತ್ತಿ ತನ್ನ ಬಂಗಲೇಕ ಬಂದ್ಲು. ಬಂದಾಕೀನ ಆಳಿಗೆ ಒದರಿದ್ಲು. ಕೈ ತೊಳಿಯೋ ತಾಬಾಣ ಬಂತು, ಕೆಂಪು ಸಾಬಾಣ ಬಂತು, ಅದರ ಔಷಧೀ ವಾಸನಿ ಮುಂದಿನ ಸಾಲಿನ ತನಕಾ ಬಂತು. ಮೊಣಕೈ ತನಕಾ ತಿಕ್ಕಿ ತಿಕ್ಕಿ ತೊಳಕೊಂಡ್ಲು. ಹುಳಾ ಸಾಯ್ಲಿ ಅಂತ ಕೊತಂಬರಿ ತೊಳೀಲಿಕ್ಕೆ ಔಷಧೀ ಪುಡಿ ಹಾಕ್ತೀವಲ್ಲ, ಆ ಗುಲಾಬಿ ಬಣ್ಣದ ನೀರಿಲೆ ಬಾಯಿ ಮುಕ್ಕಳಿಸಿ ಉಗುಳಿದ್ಲು. ಝಂಪರು ತಗದು ಆಳಿನ ಮುಂದ, ಕೈಯಾಗ ಕೊಡಲಿಲ್ಲ, ನೆಲಕ್ಕ ಒಗದು "ಕುದಿಸು" ಅಂದ್ಲು. ಆಮ್ಯಾಲೆ ನಮ್ಮ ಕಡೆ ತಿರುಗಿ ಅಗದೀ ಮೆತ್ತಗ, "ಭಾಳ ಪ್ರೀತೀ ಮಂದಿ. ಆದ್ರ ಯಾವ ನೀರೋ, ಯಾವ ಕೈಯೋ," ಅಂದ್ಲು.

ಹಾಲಿನ ಮಂದಿಯೆಲ್ಲಾ ಹೋ ಅಂತ ನಕ್ಕಿತು. ನಾ ನಗಲಿಲ್ಲ. ಚಿಕ್ಕಿ ಬಾಯಾಗ ಹಂಗ ನಿಂತಿತು. ಅಲ್ರೀ, ನಮ್ಮ ಅಂಬಕ್ಕಜ್ಜೀ ಕೈ ಹೊಲಸಂತ? ದಿನಕ್ಕ ಮೂರು ಸ್ನಾನ ಮಾಡೋ ಅಂಬಕ್ಕಜ್ಜೀ ಕೈ? ಸೇದಿದ ನೀರನ್ನ ಅರಬಿ ಕಟ್ಟಿ ಸೋಸೋ ಅಂಬಕ್ಕಜ್ಜೀ ನೀರು? ನನ್ನ ಮೈಯೆಲ್ಲಾ ಉರೀತು. ಎದ್ದು ನಿಂತು ಏನರ ಅನ್ನಬೇಕು ಅನ್ನೂದರಾಗ, ಸಾಳೀ ಮೆಟ್ಟಲಾ ಮ್ಯಾಲೆ ಟೋಪಿ ತಿರುವ್ಯಾಡಿಕೋತ ಕೂತ ಹೆಲೆನ್ ನೆನಪಾದ್ಲು. ಹೋ, ಆಕಿಗೆ ಹಿಂಗ ಆಗಿತ್ತಲ್ಲ! ಸುಮ್ಮ ಕೂತೆ. ಚಿಕ್ಕಿ ನುಂಗಿದೆ.

ಎರಡನೇ ಭಾಗ ನಮ್ಮದು. ಪುಣೆದ ಹುಡುಗಿ ನಾ ತೋರಿಸಿಧಂಗ ಎಲ್ಲಾ ಮಾಡಿದ್ಲು, ನನಕಿಂತ ಚಲೋ ಮಾಡಿದ್ಲು. ಅದನ್ನ ನಾ ಮನ್ಯಾಗ ಯಾರ ಮುಂದೂ ಒಪ್ಪಿಕೊಂಡಿಲ್ಲ. ಕೊನೀಗೆ ರಂಗದ ಈ ಕಡೆ ನಮ್ಮಾಕಿ ತಂಬಿಗೀಲೆ ತಲೀ ಮ್ಯಾಲೆ ನೀರು ಸುರಕೋತಾಳ, ಆ ಕಡೆ ದೊರೆಸಾನಿ ಸಾಬಾಣ ತಿಕ್ಕತಾಳ. ಒಬ್ಬರಿಗೊಬ್ಬರು ಕಾಣಂಗಿಲ್ಲ. ಇಬ್ಬರೂ ಮಾರಿ ಒರಸಿಕೊಂಡು, ತಮ್ಮ ತಮ್ಮ ಕಿಟಕೀ ಹತ್ರ ಹೋಗಿ ನಿಂತ್ರು. ಆಕಿ ಇಂಗ್ಲಿಷಿನ್ಯಾಗ, ಈಕಿ ಕನ್ನಡದಾಗ, ಒಂದ ಸಲಕ್ಕ ಅಂದ್ರು:

"ಇನ್ನ ಮಂಗಳವಾರಕ್ಕ ಭಾಳ ದಿನಾ ಅವ."

ದೀಪ ಆರಿತು. ಬಾಜೂಕ ಕೂತ ಮರಾಠೀ ಅಜ್ಜಿ ಮೂಗು ಒರಸಿಕೊಂಡು, "ಆಮಚ್ಯಾಕಡೇಹೀ ಹೋತಾ ಹೋ ಅಸಾ ಕಪ್," ಅಂದ್ಲು, ನಮ್ಮಲ್ಲೂ ಇತ್ತು ಅಂಥಾ ಕಪ್ಪು ಅಂತ. ನಾ ಆಕಿಗೆ ಒಂದು ಚಿಕ್ಕಿ ಕೊಟ್ಟೆ. ಮುಕ್ತಾ ರಂಗದ ಮ್ಯಾಲೆ ಬಂದು ಕೈ ಮುಗದಾಗ ಹೆಲೆನ್‌ಳ ಕೈ ಗಟ್ಟಿ ಹಿಡಕೊಂಡಿದ್ಲು. ಇಬ್ಬರ ಮಾರೀನೂ ಒದ್ದಿ. ಬೆವರೋ, ನಾಟಕದ ನೀರೋ, ನನಗ ಹೇಳಲಿಕ್ಕೆ ಬರಂಗಿಲ್ಲ.

ಮರುದಿನ ಮುಂಜಾನೆ ಹೆಲೆನ್ ನಮ್ಮನೀಗೆ ಬಂದ್ಲು, ಹೇಳಿ ಹೋಗಲಿಕ್ಕೆ. ಸಾಬಾಣದ ಸಂಗತಿ ಕೇಳಿದೆ. ಊರಿನ್ಯಾಗಿದ್ದ ತನ್ನ ಅಜ್ಜಿಗೆ ಫೋನ್ ಮಾಡಿ ಕಪ್ಪಿನ ಖರೇ ಸಂಗತಿ ಹೇಳಿದಳಂತ. ಆ ಮುದುಕಿ ಅಗದೀ ಸಾವಕಾಶ, "ಹಂಗಾರ ಸರಿಸಮಾ ಆತು ಬಿಡು, ನಮ್ಮವ್ವನೂ ಅಲ್ಲಿಂದ ಬಂದ ಕೂಡ್ಲೆ ಮೈ ತಿಕ್ಕತಿದ್ಲು," ಅಂದಳಂತ. ಅದನ್ನ ಕ್ರಿಸ್ಮಸ್ಸಿನ ಕತ್ಯಾಗ ಮಾತ್ರ ಯಾರೂ ಸೇರಸಿದ್ದಿಲ್ಲ.

ನಾ ದೇವರ ಮನೀಗೆ ಹೋಗಿ ಅಂಬಕ್ಕಜ್ಜೀ ಬೆಳ್ಳಿ ವಾಟಗಾ ತಂದೆ. ಆಕೀ ಸಾಮಾನಿನ್ಯಾಗ ನನ್ನ ಪಾಲಿಗೆ ಬಂದದ್ದು ಅದೊಂದ. ಹುಣಸೀ ಹಣ್ಣು ಹಚ್ಚಿ ತಿಕ್ಕಿ, ಲಖಲಖ ಹೊಳಿಸಿ, ನೀರು ತುಂಬಿ ತಂದು, ನೆಲದ ಮ್ಯಾಲೆ ಇಡಲಿಲ್ಲ ಮತ್ತ, ಆಕೀ ಕೈಯಾಗ ಕೊಟ್ಟೆ. ಕೊಟ್ಟು, ಸೊಂಟದ ಮ್ಯಾಲೆ ಕೈ ಇಟ್ಕೊಂಡು, ಅಗದೀ ದೊಡ್ಡಸ್ತಿಕೀಲೆ ಅಂದೆ: "ನೋಡವ್ವಾ ಹೆಲೆನ್, ಇದು ಗೂಡಿನ ಕಪ್ಪಲ್ಲ, ಒಳಮನೀ ಬೆಳ್ಳಿ ವಾಟಗಾ. ನಿಮ್ಮ ಮುತ್ತಜ್ಜಿಗೆ ಇದು ಕನಸಿನ್ಯಾಗೂ ಸಿಕ್ಕಿದ್ದಿಲ್ಲ. ಇವತ್ತ ನಿಮಗ ಪ್ರಮೋಶನ್ ಆತು."

ಹೆಲೆನ್ ವಾಟಗಾ ಎರಡೂ ಕೈಯಾಗ ಹಿಡಕೊಂಡು ಕಣ್ಣಿಗೆ ಒತ್ತಿಕೊಂಡಳು. ತುಟಿ ತನಕಾ ತಂದ್ಲು. ಅಲ್ಲೇ ತಡದು, ಒಳಗ ಒಮ್ಮೆ ಹಣಿಕಿ ಹಾಕಿ ನೋಡಿ, ನಾ ಕಲಿಸಿದ ಕನ್ನಡದಾಗ, ಒಂದೂ ತಪ್ಪಿಲ್ಲಧಂಗ ಅಂದ್ಲು:

"ಅಜ್ಜೀರ, ವಾಟಗಾ ಭಾಳ ಚಂದ ಅದ. ನೀರು ಕುದಿಸೀರೇನ್ರಿ?"